ಮಗುವನ್ನು ಮನೆಯಲ್ಲಿಟ್ಟೇ ಮನೆಯನ್ನು ಸರಿಪಡಿಸುವ ಬಗೆ



ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಹುಡುಕಿಕೊಂಡು ಹೋಗುತ್ತೇವೆ. ಪಕ್ಕದ ಮನೆಯ ಮಗುವಿನ ಬೆನ್ನ ಮೇಲೆ ಬಾಸುಂಡೆ ಕಂಡರೆ ಮಾತ್ರ, ಅದು ಅವರ ಮನೆಯ ವಿಚಾರವೆಂದು ಸುಮ್ಮನಾಗುತ್ತೇವೆ. 2007ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಲಾಗಿತ್ತು. ಮೂವರಲ್ಲಿ ಇಬ್ಬರು ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳನ್ನು ಹೊಡೆದವರು ಹೆತ್ತವರೇ.

ಹೊಡೆತವೊಂದೇ ಹಿಂಸೆಯಲ್ಲ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಎಂಟು ವರ್ಷದ ಹುಡುಗಿಯ ಕಂಕುಳಿಗೆ ಕೂಸನ್ನು ಕೊಟ್ಟು, ಶಾಲೆ ಬಿಡಿಸಿ, ಸಂಜೆಯವರೆಗೆ ಇಬ್ಬರಿಗೂ ಸರಿಯಾದ ಊಟವಿಲ್ಲದಂತೆ ಬಿಡುವುದೂ ಹಿಂಸೆಯೇ; ಇದಕ್ಕೆ ಅಲಕ್ಷ್ಯ ಎನ್ನುತ್ತಾರೆ. ತಾಯಿತಂದೆಯರು ಕೆಟ್ಟವರೆಂದೇ ಇದು ನಡೆಯುವುದಿಲ್ಲ. ಸಾಲ, ಕುಡಿತ, ಗುರುತಿಸದೆ ಉಳಿದ ಮನೋರೋಗ, ಗಂಡ ಹೆಂಡಿರ ಜಗಳ, ಇವುಗಳಲ್ಲಿ ಒಂದಲ್ಲ ಒಂದು ಹಿಂದೆ ಇರುವುದುಂಟು.

ಆದುದರಿಂದ ಮಗುವನ್ನು ಮಾತ್ರ ನೋಡಿದರೆ ಸಾಲದು. ತರಬೇತಿ ಪಡೆದ ಕಾರ್ಯಕರ್ತರು ವಾರಕ್ಕೊಮ್ಮೆಯಾದರೂ ಮನೆಗೇ ಬಂದು, ಅಜ್ಜಿಯೂ ಸೇರಿ ಎಲ್ಲರೊಡನೆ ಕುಳಿತು ಮಾತನಾಡುವುದೇ ಕುಟುಂಬ ಚಿಕಿತ್ಸೆ. ಸಿಟ್ಟು ಯಾವ ಹೊತ್ತಿಗೆ ಏರುತ್ತದೆ, ಆಗ ಮಗು ಎಲ್ಲಿರುತ್ತದೆ, ಅಡ್ಡ ಬರುವವರು ಯಾರು ಎಂದು ಕೇಳುತ್ತಾರೆ. ಬಳಿಕ ಒಂದೆರಡು ಬದಲಾವಣೆಯನ್ನು ಮಾತ್ರ ಒಪ್ಪಿಸಿ, ಮುಂದಿನ ವಾರ ಬಂದು ನಡೆಯಿತೋ ಇಲ್ಲವೋ ನೋಡುತ್ತಾರೆ. ಹೊಲ ನೋಡದೆ ಗೊಬ್ಬರ ಹೇಳಲಾಗದು, ಮನೆಯೂ ಹಾಗೆಯೇ.

ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಆರೈಕೆ ಸಾಧ್ಯವೆಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಕೆಲಸ ಆರಂಭಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅದು ಮಕ್ಕಳ ಹಿಂಸೆಗೆಂದು ಮಾಡಿದ್ದಲ್ಲ, ನಿಜ. ಆದರೆ ತಾಯಿಯ ಖಿನ್ನತೆಯೂ ತಂದೆಯ ಕುಡಿತವೂ ಹತೋಟಿಗೆ ಬಂದರೆ ಮಗುವಿಗೆ ಬೀಳುವ ಪೆಟ್ಟು ಕಡಿಮೆಯಾಗದೆ?

ಅಮೆರಿಕದ ಎಲ್ಮೈರಾ ಊರಿನಲ್ಲಿ 1970ರ ದಶಕದ ಕೊನೆಯಲ್ಲಿ ದಾದಿಯರು ಚೊಚ್ಚಲ ಬಸುರಿಯರ ಮನೆಗೆ ಹೋಗತೊಡಗಿ, ಕೂಸಿಗೆ ಎರಡು ವರ್ಷವಾಗುವವರೆಗೂ ಬಿಡಲಿಲ್ಲ. ಹದಿನೈದು ವರ್ಷಗಳ ಬಳಿಕ ನೋಡಿದಾಗ ಆ ಮನೆಗಳಲ್ಲಿ ಮಕ್ಕಳ ಹಿಂಸೆ, ಅಲಕ್ಷ್ಯದ ಪ್ರಕರಣಗಳು ಉಳಿದ ಮನೆಗಳಿಗಿಂತ ಅರ್ಧದಷ್ಟೇ ಇದ್ದವು. ಹೆಂಡತಿಗೆ ಪದೇ ಪದೇ ಹೊಡೆತ ಬೀಳುತ್ತಿದ್ದ ಮನೆಗಳಲ್ಲಿ ಮಾತ್ರ ಫಲ ಕಾಣಲಿಲ್ಲ. ಈ ಮಾತನ್ನು ಗಂಡಸರು ಇನ್ನೊಮ್ಮೆ ಓದಬೇಕು.

ಎಲ್ಲ ಮನೆಗೂ ಈ ಚಿಕಿತ್ಸೆ ಹೊಂದದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಹಿರಿಯರು ಕುಳಿತು ರಾಜಿ ಮಾಡಿಸತಕ್ಕದ್ದಲ್ಲ. 2012ರ ಪೋಕ್ಸೊ ಕಾಯಿದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಜೀವಕ್ಕೆ ಅಪಾಯವಿದ್ದರೂ ಮೊದಲು ಮಗುವಿನ ರಕ್ಷಣೆ, ಮಾತುಕತೆ ಆಮೇಲೆ.

ಸಂಶಯ ಬಂದರೆ 1098ಕ್ಕೆ ಫೋನ್ ಮಾಡಿರಿ, ಹಣ ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಹೇಳಬಹುದು. ಕುಡಿತಕ್ಕೆ, ಮನಸ್ಸಿನ ಬೇಗುದಿಗೆ 14416ರಲ್ಲಿ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಬಡತನದಿಂದಲೇ ಮಗುವಿನ ಆರೈಕೆ ಕೆಟ್ಟಿದ್ದರೆ, ಬಳ್ಳಾರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವದ ಸಹಾಯಕ್ಕೆ ಅರ್ಜಿ ಕೊಡಿರಿ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಉಂಟು. ಅರ್ಜಿ ಬರೆಯುವುದು ಕಷ್ಟವಾದರೆ ಗ್ರಾಮಸೇವಕರನ್ನು ಕೇಳಲು ಸಂಕೋಚ ಬೇಡ.