ಬೀದಿ ಮೊದಲು, ಒಪ್ಪಂದ ಆಮೇಲೆ

1986ರ ಜುಲೈ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ರ‍್ಯಾಪ್ ತಂಡ ರನ್-ಡಿಎಂಸಿ. ‘ಮೈ ಅಡಿಡಾಸ್’ ಹಾಡುವ ಹೊತ್ತಿಗೆ, ನಿಮ್ಮ ಶೂ ಎತ್ತಿ ತೋರಿಸಿ ಎಂದು ಗಾಯಕರು ಕೂಗಿದ್ದೇ ತಡ, ಸಾವಿರಾರು ಕೈಗಳಲ್ಲಿ ಮೂರು ಪಟ್ಟಿಯ ಶೂಗಳು ಮೇಲೆದ್ದವು. ಜನರ ನಡುವೆ ಅಡಿಡಾಸ್ ಕಂಪನಿಯ ಅಧಿಕಾರಿಯೂ ಇದ್ದರು. ತಂಡಕ್ಕೆ ದೊಡ್ಡ ಮೊತ್ತದ ಒಪ್ಪಂದ ಸಿಕ್ಕಿತು. ಆಟಗಾರರನ್ನೇ ನೆಚ್ಚಿಕೊಂಡಿದ್ದ ಶೂ ಉದ್ಯಮಕ್ಕೆ ಹಾಡುಗಾರರೊಂದಿಗಿನ ಇಂಥ ಒಪ್ಪಂದ ತೀರಾ ಹೊಸದು.

ಆ ಶೂ, ‘ಸೂಪರ್‌ಸ್ಟಾರ್’, 1969ರಲ್ಲಿ ಬ್ಯಾಸ್ಕೆಟ್‌ಬಾಲ್‌ಗಾಗಿ ಬಂದದ್ದು. ಚರ್ಮದ ಮೈ, ಬೆರಳುಗಳನ್ನು ಕಾಯಲು ಮುಂದೆ ಚಿಪ್ಪಿನಂಥ ರಬ್ಬರ್. ನ್ಯೂಯಾರ್ಕ್‌ನ ಹಾಲಿಸ್ ಬಡಾವಣೆಯ ಈ ಹುಡುಗರು ಅದನ್ನು ಲೇಸ್ ಇಲ್ಲದೆ ತೊಟ್ಟರು. ಜೈಲಿನಲ್ಲಿ ಕೈದಿಗಳ ಲೇಸ್ ಕಿತ್ತುಕೊಳ್ಳುತ್ತಿದ್ದರಿಂದ, ಹೀಗೆ ತೊಡುವವರನ್ನು ಪುಂಡರೆಂದು ಬಗೆಯುವವರಿದ್ದರು. ‘ಮೈ ಅಡಿಡಾಸ್’ ಅಂಥವರಿಗೆ ಕೊಟ್ಟ ಉತ್ತರ. ಜರ್ಮನಿಯ ಪುಟ್ಟ ಊರು ಹೆರ್ಜೊಗೆನೌರಾಖ್‌ನ ಕಂಪನಿಯ ಆಟದ ಶೂ ಹೀಗೆ ಕಪ್ಪು ಯುವಕರ ಸ್ವಾಭಿಮಾನದ ಗುರುತಾಯಿತು. ಈ ಅರ್ಥ ತುಂಬಿದ್ದು ಬೀದಿ. ಕಂಪನಿ ಆಮೇಲೆ ಬಂದು ಸಹಿ ಹಾಕಿತು.

ಕಂಪನಿ ಇನ್ನೊಬ್ಬರ ಜೊತೆ ಕೂಡಿ ಸರಕು ತರುವ ‘ಕೊಲಾಬ್’ ಎಂದರೆ ಇಂದು ಬಹುತೇಕ ಇದರ ತಿರುವುಮುರುವು. ಎರಡು ಲೋಗೊ, ಬೆರಳೆಣಿಕೆಯ ಜೋಡಿಗಳು, ಅಂಗಡಿ ಮುಂದೆ ಸಾಲು, ಮರುದಿನ ದುಪ್ಪಟ್ಟು ಬೆಲೆಗೆ ಮರುಮಾರಾಟ. ಬಟ್ಟೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ಹೊಸದೇನೂ ಇರುವುದಿಲ್ಲ.

ಆದರೆ ಲಂಡನ್‌ನ ವಿನ್ಯಾಸಕಿ ಗ್ರೇಸ್ ವೇಲ್ಸ್ ಬಾನರ್ ಅದೇ ಅಡಿಡಾಸ್ ಜೊತೆ 2020ರಲ್ಲಿ ಮಾಡಿದ ಕೆಲಸ ಬೇರೆಯೇ ತೂಕದ್ದು. ತಂದೆಯ ಕಡೆಯಿಂದ ಜಮೈಕಾ ಮೂಲದವರಾದ ಅವರು, 1970ರ ದಶಕದ ಲಂಡನ್‌ನಲ್ಲಿ ಜಮೈಕಾ ಮೂಲದ ಯುವಜನರು ಟ್ರ್ಯಾಕ್‌ಸೂಟ್ ತೊಟ್ಟು ರೆಗ್ಗೆ ಸಂಗೀತಕ್ಕೆ ಕುಣಿಯುತ್ತಿದ್ದ ಕಾಲಕ್ಕೆ ಮರಳಿದರು. ಹೆಪ್ಪುಗಟ್ಟಿದ ಮೈದಾನದಲ್ಲಿ ಜಾರದಿರಲೆಂದು ತಯಾರಾಗಿದ್ದ ಹಳೆಯ ಫುಟ್‌ಬಾಲ್ ಶೂ ‘ಸಾಂಬಾ’ದ ಮೂರು ಪಟ್ಟಿಗಳಿಗೆ ಕ್ರೋಶಾ ಹೆಣಿಗೆಯ ಅಂಚು ಬಂತು. ಮನೆಗಳಲ್ಲಿ ಹೆಂಗಸರು ಮಾಡುವ ಕೈಕೆಲಸ ಕಾರ್ಖಾನೆಯ ಶೂ ಮೇಲೇರಿತು. ಈ ಶೂಗಳು ಬಿಸಿದೋಸೆಯಂತೆ ಖಾಲಿಯಾದವು. ಸಾಂಬಾ ಮತ್ತೆ ಜನರ ಕಾಲಿಗೇರಲು ಇವೂ ಒಂದು ಕಾರಣ. 2023ರಲ್ಲಿ ಅಮೆರಿಕದ ‘ಫುಟ್‌ವೇರ್ ನ್ಯೂಸ್’ ಪತ್ರಿಕೆ ಸಾಂಬಾವನ್ನು ವರ್ಷದ ಶೂ ಎಂದು ಆರಿಸಿತು.

ಕೊಲಾಬ್ ಶೂಗೆ ಹೆಚ್ಚಿನ ಬೆಲೆ ತೆರುವವರು ಲೋಗೊ ನೋಡಿದ ಮೇಲೆ ಹೊಲಿಗೆಯನ್ನೂ ನೋಡಲಿ. ಆ ಶೂವನ್ನು ಮೊದಲು ಯಾರು, ಏಕೆ ತೊಟ್ಟರೆಂದು ವಿಚಾರಿಸಲಿ. ಎರಡಕ್ಕೂ ಉತ್ತರ ಸಿಗದಿದ್ದರೆ ಆ ದುಡ್ಡು ಜೇಬಿನಲ್ಲೇ ಇರಲಿ.