ಚಾಡ್‌ನ ಗವರ್ನರ್ ಎಬುಯೆ

1940ರ ಜೂನ್. ಹಿಟ್ಲರನ ಸೇನೆಗೆ ಫ್ರಾನ್ಸ್ ಶರಣಾಗಿದೆ. ವಸಾಹತುಗಳ ಹೆಚ್ಚಿನ ಗವರ್ನರುಗಳು ಜರ್ಮನಿಯೊಂದಿಗೆ ಒಪ್ಪಂದ ಮಾಡಿಕೊಂಡ ಫ್ರಾನ್ಸಿನ ವಿಶಿ ಸರ್ಕಾರದ ಮಾತಿಗೆ ತಲೆಯಾಡಿಸುತ್ತಿದ್ದಾರೆ.

ಆಫ್ರಿಕಾದ ಚಾಡ್‌ನಲ್ಲಿ ಮಾತ್ರ ಒಬ್ಬರು ಒಪ್ಪಲಿಲ್ಲ. ಫೆಲಿಕ್ಸ್ ಎಬುಯೆ. ಫ್ರೆಂಚ್ ಗಯಾನಾದಲ್ಲಿ ಹುಟ್ಟಿದ, ಗುಲಾಮರ ವಂಶದ ಕಪ್ಪು ಅಧಿಕಾರಿ. ಜನಾಂಗದ್ವೇಷಿ ನಾಜಿಗಳ ಮುಂದೆ ಮಂಡಿಯೂರಿದ ಸರ್ಕಾರಕ್ಕೆ ಇವರು ಹೇಗೆ ನಿಷ್ಠರಾಗಿರಲು ಸಾಧ್ಯ?

ಆಗಸ್ಟ್ 26ರಂದು ಚಾಡ್, ಹೋರಾಟ ಮುಂದುವರಿಸಲು ಲಂಡನ್ನಿನಿಂದ ಕರೆ ಕೊಟ್ಟಿದ್ದ ಫ್ರೆಂಚ್ ಜನರಲ್ ಡಿಗಾಲ್ ಪಕ್ಷ ಸೇರಿತು. ಬೆನ್ನಲ್ಲೇ ಕ್ಯಾಮರೂನ್, ಕಾಂಗೋ. ಲಂಡನ್ನಿನ ರೇಡಿಯೋ ದನಿಗೆ ಕೊನೆಗೂ ಕಾಲೂರಲು ನೆಲ ಸಿಕ್ಕಿತು! ಇದೇ ಚಾಡ್‌ನಿಂದ ಹೊರಟ, ಡಿಗಾಲ್‌ರ ಸೇನಾಧಿಕಾರಿ ಲೆಕ್ಲರ್ಕ್‌ರ ಪಡೆ 1941ರಲ್ಲಿ ಲಿಬಿಯಾದ ಕುಫ್ರಾವನ್ನು ಇಟಲಿಯಿಂದ ಕಸಿದುಕೊಂಡಿತು.

ಅಷ್ಟರಲ್ಲಿ ಎಬುಯೆ ಕಾಂಗೋದ ಬ್ರಾಜವಿಲ್‌ನಲ್ಲಿ, ಇಡೀ ಫ್ರೆಂಚ್ ಸಮಭಾಜಕ ಆಫ್ರಿಕಾದ ಗವರ್ನರ್ ಜನರಲ್. ಆಫ್ರಿಕನ್ನರಿಗೂ ಆಡಳಿತದಲ್ಲಿ ಪಾಲು ಬೇಕೆಂದರು. ಆದರೆ ಯುದ್ಧಕ್ಕೆ ರಬ್ಬರ್ ಒದಗಿಸಲು ಅದೇ ಜನರನ್ನು ಬಲವಂತವಾಗಿ ದುಡಿಸಲಾಯಿತು. ಅದನ್ನು ಮರೆಮಾಚಬಾರದು.

1944ರ ಮೇ ತಿಂಗಳಲ್ಲಿ, ಪ್ಯಾರಿಸ್ ಬಿಡುಗಡೆಗೆ ಮೂರು ತಿಂಗಳಿರುವಾಗ, ಎಬುಯೆ ಕೈರೋದಲ್ಲಿ ತೀರಿಕೊಂಡರು. 1949ರಲ್ಲಿ ಫ್ರಾನ್ಸಿನ ಮಹನೀಯರ ಸ್ಮಾರಕವಾದ ಪ್ಯಾರಿಸ್ಸಿನ ಪ್ಯಾಂಥಿಯನ್‌ನಲ್ಲಿ ಸಮಾಧಿಯ ಗೌರವ ಪಡೆದ ಮೊದಲ ಕಪ್ಪುವರ್ಣೀಯರಾದರು.