ಅರ್ಬುದರೋಗದಲ್ಲಿ ರಕ್ತವು ಗರಣೆಗಟ್ಟುವ ಬಗೆ

ಅರ್ಬುದರೋಗಿಗಳ ನಾಳಗಳಲ್ಲಿ ಗಾಯವಿಲ್ಲದೆಯೂ ರಕ್ತವು ಗರಣೆಗಟ್ಟುವುದುಂಟೆಂದು ಪ್ಯಾರಿಸ್ಸಿನ ವೈದ್ಯನಾದ ಆರ್ಮಾಂ ಟ್ರೂಸೋ ಎಂಬಾತನು 1865ರಲ್ಲಿ ಉಪದೇಶಿಸಿದನು. ಬಳಿಕ ಆ ಲಕ್ಷಣವನ್ನು ತನ್ನ ದೇಹದಲ್ಲಿಯೇ ಕಂಡು, ರೋಗವನ್ನು ತಾನೇ ನಿರ್ಣಯಿಸಿ, 1867ರಲ್ಲಿ ಜಠರದ ಅರ್ಬುದದಿಂದ ತೀರಿಕೊಂಡನು.

ಲಕ್ಷಣವು ತಿಳಿದಿದ್ದರೂ ಕಾರಣದ ಒಂದು ಮುಖ್ಯಾಂಶವು ಬಹುಕಾಲ ಮರೆಯಾಗಿದ್ದಿತು. ರೋಗಾಣುಗಳನ್ನು ಕೊಲ್ಲತಕ್ಕ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ತಮ್ಮೊಳಗಿನ ಡಿ.ಎನ್.ಎ. ತಂತುಗಳನ್ನೇ ಹೊರಚೆಲ್ಲಿ ಬಲೆಯೊಡ್ಡುವುವೆಂದು 2004ರಲ್ಲಿ ಬರ್ಲಿನ್ನಿನ ಶೋಧಕರು ಪ್ರಕಟಿಸಿದರು. ಬಲೆಯೆಂಬುದು ಇಲ್ಲಿ ಅಲಂಕಾರಮಾತ್ರವಲ್ಲ, ಅನ್ವರ್ಥವೇ ಸರಿ. ರೋಗಾಣುಗಳಂತೆಯೇ ಪ್ಲೇಟ್‌ಲೆಟ್ಟುಗಳೂ ಕೆಂಪು ಕಣಗಳೂ ಅದರಲ್ಲಿ ಸಿಕ್ಕಿ, ಗರಣೆಯು ಬಲಿಯುವುದು. ಅರ್ಬುದವು ನ್ಯೂಟ್ರೋಫಿಲ್ಲುಗಳನ್ನು ಹೆಚ್ಚಿಸಿ, ಅವು ಬಲೆಬೀಸಲು ಅಣಿಯಾಗುವಂತೆ ಮಾಡುವುದೆಂದು 2012ರಲ್ಲಿ ಇಲಿಗಳಲ್ಲಿ ಕಂಡುಬಂದಿತು. ಮೋನೋಸೈಟ್ ಕಣಗಳಾದರೋ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಮೈಮೇಲೆ ತಾಳಿ ಗರಣೆಗಟ್ಟುವ ಕ್ರಿಯೆಗೆ ಮೊದಲುಮಾಡುವುವು. ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವು ಇಲಿಗಳಲ್ಲಿ ಗರಣೆಯನ್ನು ತಡೆದುದುಂಟು. ಮನುಷ್ಯರಿಗಾದರೆ ಹೆಪರಿನ್ ಮೊದಲಾದ ಔಷಧಗಳನ್ನೇ ಕೊಡುತ್ತಾರೆ, ಅವುಗಳಿಂದ ರಕ್ತಸ್ರಾವದ ಭಯವೂ ಉಂಟು.